ಮಗಳ ಮದುವೆಗೆ ನಾನು ಏನು ಉಡಬೇಕು ಅಂತ ಊರೆಲ್ಲ ಹೇಳುತ್ತಿದೆ. ನಿಮ್ಮಲ್ಲಿ ಯಾರಾದರೂ ಇದನ್ನು ದಾಟಿ ಬಂದಿದ್ದೀರಾ?

ಡೊಂಬಿವಲಿಯಿಂದ:

ಎಲ್ಲರಿಗೂ ನಮಸ್ಕಾರ. ಗಂಡ ಇಲ್ಲದೆ ಮಕ್ಕಳ ಮದುವೆ ಮಾಡಿದ ಹೆಂಗಸರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ.

ಡಿಸೆಂಬರಿನಲ್ಲಿ ನನ್ನ ಮಗಳ ಮದುವೆ. ಮಾಟುಂಗದಲ್ಲಿ ಹಾಲ್ ಬುಕ್ ಆಗಿದೆ. ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಹುಡುಗನ ಮನೆಯವರು ಹುಬ್ಬಳ್ಳಿ ಮೂಲದವರು, ಪುಣೆಯಲ್ಲಿ ನೆಲೆಸಿದ್ದಾರೆ. ನಮ್ಮದು ಕುಂದಾಪುರದ ಕಡೆ. ಎಲ್ಲ ಸರಿಯಾಗಿಯೇ ನಡೆಯುತ್ತಿದೆ. ಆದರೆ ಮದುವೆಯ ದಿನ ನಾನು ಹೇಗೆ ಕಾಣಬೇಕು ಅನ್ನುವುದನ್ನು ನನ್ನ ಗಂಡನ ಮನೆಯವರು ತಾವೇ ಸೇರಿ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಮೊನ್ನೆ ಗಂಡನ ಅಕ್ಕ ಊರಿನಿಂದ ಫೋನ್ ಮಾಡಿದ್ದರು. ಜರಿ ಜಾಸ್ತಿ ಇರುವ ಸೀರೆ ಬೇಡವಂತೆ. ಹಸಿರು, ಕೆಂಪು ಬೇಡವಂತೆ. ತಲೆಗೆ ಹೂ ಬೇಡ, ಹಣೆಗೆ ಬೇಕಾದರೆ ಸಣ್ಣದೊಂದು ಕಪ್ಪು ಬಿಂದಿ ಸಾಕು. ಧಾರೆ ಎರೆಯಲು ಮೈದುನ ಮತ್ತು ಅವನ ಹೆಂಡತಿ ಕೂರುತ್ತಾರೆ. "ನೀನು ಊಟದ ಹಾಲ್ ಕಡೆ ನೋಡಿಕೋ, ಅಲ್ಲಿಗೂ ನಮ್ಮವರು ಒಬ್ಬರು ಬೇಕಲ್ಲ" ಅಂದರು. ಗದರಿಸಲಿಲ್ಲ. ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ನನಗೆ ಬಾಯಿ ಬರಲಿಲ್ಲ.

ನನ್ನವರು ತೀರಿಕೊಂಡದ್ದು 2021ರಲ್ಲಿ, ಕೊರೋನಾದ ಎರಡನೇ ಅಲೆಯಲ್ಲಿ. ಆಸ್ಪತ್ರೆಯಿಂದ ನೇರ ಸ್ಮಶಾನಕ್ಕೆ ಒಯ್ದರು. ಊರಿನಿಂದ ಯಾರೂ ಬರುವ ಹಾಗಿರಲಿಲ್ಲ. ಪಕ್ಕದ ಮನೆಯವರು ಬಾಗಿಲ ಹೊರಗೆ ಅನ್ನ-ಸಾರು ಇಟ್ಟು ಹೋಗುತ್ತಿದ್ದರು. ಹಾಗಾಗಿ ನನ್ನ ಬಳೆ ಒಡೆಯಲು, ಕುಂಕುಮ ಅಳಿಸಲು ಯಾರೂ ಬರಲಿಲ್ಲ. ಕರಿಮಣಿಯನ್ನು ನಾನೇ ತೆಗೆದು ಅವರ ವಾಚಿನ ಜೊತೆ ಕಪಾಟಿನಲ್ಲಿಟ್ಟೆ. ಕಾಲುಂಗುರ ತೆಗೆದೆ. ಬಳೆ, ಕುಂಕುಮ, ಹೂ ಬಿಡಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಅವು ಮದುವೆಯಿಂದ ಬಂದವಲ್ಲ. ಶಾಲೆಗೆ ಹೋಗುವಾಗ ನನ್ನ ಅಮ್ಮ ಜಡೆ ಹಾಕಿ, ಅಬ್ಬಲಿಗೆ ಮುಡಿಸಿ, ಹಣೆಗೆ ಕುಂಕುಮ ಇಟ್ಟು ಕಳಿಸುತ್ತಿದ್ದರು. ಅವತ್ತು ನನ್ನ ಗಂಡ ಯಾರು ಅಂತ ಯಾರಿಗೆ ಗೊತ್ತಿತ್ತು?

ಅವತ್ತು ಬರಲಾಗದೆ ಬಾಕಿ ಉಳಿದದ್ದನ್ನು ಈಗ ಮದುವೆಯ ನೆಪದಲ್ಲಿ ಮಾಡಿ ಮುಗಿಸಲು ಹೊರಟಿದ್ದಾರೆ ಅನ್ನಿಸುತ್ತಿದೆ.

ದಿನಾ ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿಗೆ ಫಾಸ್ಟ್ ಟ್ರೇನು ಹಿಡಿಯುತ್ತೇನೆ. ಫೋರ್ಟಿನಲ್ಲಿ ಆಫೀಸು, ಅಕೌಂಟ್ಸ್ ಕೆಲಸ. ನವರಾತ್ರಿ ಬಂದರೆ ಲೇಡೀಸ್ ಡಬ್ಬಾ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಒಂದು ದಿನ ಇಡೀ ಡಬ್ಬಾ ಹಳದಿ, ಒಂದು ದಿನ ಹಸಿರು, ಒಂದು ದಿನ ಕೆಂಪು. ನಾನೂ ಉಡುತ್ತೇನೆ. ನಮ್ಮ ಗುಂಪಿನಲ್ಲಿ ಮೀನು ಮಾರುವ ಮಾವಶಿಯಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್ ತನಕ ಎಲ್ಲರೂ ಇದ್ದಾರೆ. ಇವಳ ಗಂಡ ಇದ್ದಾನಾ ಇಲ್ಲವಾ ಅಂತ ಅಲ್ಲಿ ಯಾರೂ ಸೀರೆಯ ಬಣ್ಣ ನೋಡಿ ಲೆಕ್ಕ ಹಾಕುವುದಿಲ್ಲ. ನಮ್ಮ ಪಾಡು ಕೆಡುವುದು ನಮ್ಮವರ ನಡುವೆಯೇ.

ಕಳೆದ ಸಂಕ್ರಾಂತಿಗೆ ನಮ್ಮ ಕಡೆಯವರೊಬ್ಬರ ಮನೆಯಲ್ಲಿ ಅರಶಿನ-ಕುಂಕುಮ ಇತ್ತು. ಎಳ್ಳುಂಡೆ, ಸ್ಟೀಲ್ ಡಬ್ಬಿ ಎಲ್ಲ ಹಂಚುತ್ತಿದ್ದರು. ನಾನು ಸೋಫಾದ ಮೂಲೆಯಲ್ಲಿ ಕೂತಿದ್ದೆ. ಮನೆಯೊಡತಿ ಕುಂಕುಮದ ಬಟ್ಟಲು ಹಿಡಿದು ಸಾಲಾಗಿ ಬಂದರು. ನನ್ನ ಬಲಕ್ಕಿದ್ದವರ ಹಣೆಗೆ ಇಟ್ಟರು. ಉಂಗುರಬೆರಳನ್ನು ಮತ್ತೆ ಬಟ್ಟಲಿಗೆ ಅದ್ದಿದರು. ನನ್ನ ಮುಖ ನೋಡಿದರು. ಬೆರಳು ಹಾಗೇ ನಿಂತಿತು. ಆಮೇಲೆ ನನ್ನ ಎಡಕ್ಕಿದ್ದವರ ಹಣೆಗೆ ಹೋಯಿತು. ನನಗೆ ಎರಡು ಎಳ್ಳುಂಡೆ ಜಾಸ್ತಿ ಸಿಕ್ಕವು. ನನ್ನ ಹಣೆಯಲ್ಲಿ ಆಗ ಕುಂಕುಮ ಇತ್ತು, ನಾನೇ ಮನೆಯಲ್ಲಿ ಇಟ್ಟುಕೊಂಡು ಹೋದದ್ದು. ಅಷ್ಟು ಹೊತ್ತೂ ಅದನ್ನೇ ಎಲ್ಲರೂ ನೋಡುತ್ತಿದ್ದಾರೆ ಅನ್ನಿಸಿ ಬೆವರು ಬಂತು.

ಏನು ಹಾಕಿಕೊಂಡರೂ ಒಂದು ಮಾತು ಇದ್ದೇ ಇರುತ್ತದೆ. ಮಾಸಲು ಬಣ್ಣ ಉಟ್ಟರೆ "ಪಾಪ, ಎಷ್ಟು ಸೊರಗಿದ್ದಾಳೆ". ಒಳ್ಳೆಯ ಸೀರೆ ಉಟ್ಟರೆ "ಇವಳಿಗೇನು, ಆರಾಮಾಗಿದ್ದಾಳೆ". ಚೂಡಿದಾರ ಹಾಕಿದರೆ "ಈ ವಯಸ್ಸಿಗೆ ಯಾರಿಗೆ ತೋರಿಸಲು" ಅಂತ. ಒಮ್ಮೆ ತುಟಿ ಒಡೆದಿದೆ ಅಂತ ಬಣ್ಣದ ಲಿಪ್ ಬಾಮ್ ಹಚ್ಚಿಕೊಂಡಿದ್ದೆ, ಅದು ಊರು ಮುಟ್ಟಿತು.

ನನ್ನ ಗಂಡನ ದೊಡ್ಡಪ್ಪನ ಮಗನಿಗೂ ಹೆಂಡತಿ ತೀರಿಕೊಂಡಿದ್ದಾರೆ. ಅದೇ ವರ್ಷ, ಅದೇ ಕಾಯಿಲೆ. ಅವರು ಮಗನ ಮದುವೆಗೆ ರೇಷ್ಮೆ ಪಂಚೆ, ಜರಿ ಶಾಲು, ಪೇಟ ಎಲ್ಲ ಹಾಕಿ ಬಾಗಿಲಲ್ಲಿ ನಿಂತು ಬೀಗರನ್ನು ಎದುರುಗೊಂಡರು. ಎಲ್ಲರೂ "ನೋಡಿ, ಎಷ್ಟು ಧೈರ್ಯದಿಂದ ನಿಂತಿದ್ದಾರೆ" ಅಂದರು. ನಾನೂ ಅಂದೆ. ಅವರು ಒಳ್ಳೆಯವರು. ಆದರೆ ಅವರ ಶಾಲಿನ ಬಣ್ಣದ ಬಗ್ಗೆ ಯಾರೂ ಊರಿನಿಂದ ಫೋನ್ ಮಾಡಲಿಲ್ಲ.

ಮಗಳು ನನಗೆ ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆ ತಂದಿದ್ದಾಳೆ, ನೇರಳೆ ಅಂಚು. ಮೊದಲ ಸಂಬಳ ಬಂದಾಗಿನಿಂದ ಚೀಟಿ ಕಟ್ಟಿ ತೆಗೆದದ್ದು. "ಅಮ್ಮ ಇದನ್ನು ಉಡದಿದ್ದರೆ ನಾನು ಮಂಟಪಕ್ಕೆ ಬರುವುದಿಲ್ಲ" ಅನ್ನುತ್ತಾಳೆ. ಅತ್ತ ಅವರು, ಇತ್ತ ಇವಳು. ಎಲ್ಲರೂ ಒಂದೇ ಮಾತು ಹೇಳಿ ಬಾಯಿ ಮುಚ್ಚಿಸುತ್ತಾರೆ: "ಬೀಗರು ಏನಂದುಕೊಂಡಾರು?"

ನನಗೆ ಸೀರೆ ಉಡಬೇಕು. ಹೂ ಮುಡಿಯಬೇಕು. ಅದಕ್ಕಿಂತ ಮುಖ್ಯ, ನನ್ನ ಮಗಳ ಕೈಯನ್ನು ನಾನೇ ಧಾರೆ ಎರೆದು ಕೊಡಬೇಕು. ಜಗಳ ಆಗದ ಹಾಗೆ, ಮಗಳ ದಿನ ಹಾಳಾಗದ ಹಾಗೆ ಇದನ್ನು ಹೇಗೆ ಮಾಡುವುದು? ಮಾಡಿದವರು ಇದ್ದರೆ ಹೇಳಿ.


ಮುಲುಂಡ್ ವಾಸಿ:

ತಂಗೀ, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಹಿರಿಯನಾಗಿ ಒಂದು ಮಾತು. ಮದುವೆ ಅನ್ನುವುದು ಎರಡು ಮನೆಗಳ ಕೆಲಸ. ಅಲ್ಲಿಗೆ ಬರುವ ಅಜ್ಜ-ಅಜ್ಜಿಯರು ಒಂದು ನಂಬಿಕೆಯಲ್ಲಿ ಬೆಳೆದವರು. ಅವರ ಮನಸ್ಸಿಗೆ ಅಳುಕು ಬಂದರೆ ಆಶೀರ್ವಾದ ಪೂರ್ತಿ ಮನಸ್ಸಿನಿಂದ ಬರುವುದಿಲ್ಲ. ಸೀರೆ ಮಗಳ ಇಷ್ಟದ್ದನ್ನೇ ಉಡಿ, ಅದರಲ್ಲಿ ಏನೂ ತಪ್ಪಿಲ್ಲ. ಧಾರೆ ಮಾತ್ರ ಮೈದುನನಿಗೆ ಬಿಡಿ. ಅವನಿಗೂ ಅಣ್ಣನ ಮಗಳು ಅಲ್ವಾ? ಒಂದು ದಿನದ ಮಾತು. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಜನ ಮೊದಲು ಬೊಟ್ಟು ಮಾಡುವುದು ನಿಮ್ಮ ಕಡೆಗೇ. ಆ ಭಾರ ನೀವು ಯಾಕೆ ಹೊರಬೇಕು ಅನ್ನುವುದೇ ನನ್ನ ಚಿಂತೆ.


ಘಾಟ್ಕೋಪರ್ ಸೊಸೆ:

ಅಕ್ಕಾ, ನನ್ನ ಮದುವೆಯಲ್ಲಿ ನನ್ನ ಅಮ್ಮ ಒಬ್ಬರೇ ಧಾರೆ ಎರೆದರು. ಆದ್ದರಿಂದ ನಾನು ಮಗಳ ಜಾಗದಿಂದ ಬರೆಯುತ್ತಿದ್ದೇನೆ.

ಮೊದಲು ಪುರೋಹಿತರನ್ನು ಸರಿಮಾಡಿಕೊಳ್ಳಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ನಾವು ಮಾತಾಡಿದ ಮೊದಲ ಭಟ್ಟರು "ಆಗುವುದಿಲ್ಲ, ದಂಪತಿಯೇ ಆಗಬೇಕು" ಅಂದರು. ವಾದ ಮಾಡಲಿಲ್ಲ, ಬೇರೆಯವರನ್ನು ಹುಡುಕಿದೆವು. ಎರಡನೆಯವರು ವಯಸ್ಸಾದವರು. ಅಮ್ಮನನ್ನು ಒಂದೇ ಪ್ರಶ್ನೆ ಕೇಳಿದರು: "ಈ ಮಗುವನ್ನು ಸಾಕಿದವರು ಯಾರು?" ಅಮ್ಮ "ನಾನು" ಅಂದರು. "ಹಾಗಾದರೆ ನೀವೇ ಕೂತುಕೊಳ್ಳಿ" ಅಂದರು, ಅಷ್ಟೇ. ಮಾತುಕತೆಯ ದಿನವೇ ಇದನ್ನು ಬಾಯಿಬಿಟ್ಟು ಹೇಳಿಬಿಡಿ. ಮಂಟಪದಲ್ಲಿ ತೆಂಗಿನಕಾಯಿ ಹಿಡಿದು ನಿಂತಾಗ ಶುರುವಾಗುವ ಚರ್ಚೆ ಬೇಡವೇ ಬೇಡ.

ಇನ್ನೊಂದು, ತಟ್ಟೆ ಯಾರ ಕೈಯಲ್ಲಿದೆ ಅನ್ನುವುದು ಬಹಳ ಮುಖ್ಯ. ಅರಶಿನ-ಕುಂಕುಮದ ತಟ್ಟೆ, ಆರತಿ ತಟ್ಟೆ, ಹೂವಿನ ಬುಟ್ಟಿ, ಇವು ಮೂರನ್ನೂ ನಿಮ್ಮ ನಂಬಿಕೆಯ ಹೆಂಗಸರಿಗೆ ಮೊದಲೇ ಒಪ್ಪಿಸಿ. ನೀವು ಬರೆದ ಆ ಸಂಕ್ರಾಂತಿಯ ಬೆರಳು ಇದೆಯಲ್ಲ, ಅದನ್ನು ಓದಿ ನನಗೆ ಹೊಟ್ಟೆ ಕಿವಿಚಿದ ಹಾಗಾಯಿತು. ನನ್ನ ಮದುವೆಯಲ್ಲಿ ತಟ್ಟೆ ಹಿಡಿದದ್ದು ಅಮ್ಮನ ಆಫೀಸಿನ ಗೆಳತಿ. ಬಾಗಿಲಲ್ಲಿ ನಿಂತು ಮೊದಲ ಕುಂಕುಮ ಅಮ್ಮನಿಗೇ ಇಟ್ಟರು, ಆಮೇಲೆ ಬಂದವರಿಗೆ. ಮೊದಲನೆಯದು ಆದ ಮೇಲೆ ಯಾರೂ ತಕರಾರು ತೆಗೆಯಲಿಲ್ಲ. ಒಬ್ಬರು ಚಿಕ್ಕಮ್ಮ ಊಟ ಮಾಡದೆ ಹೊರಟರು. ಹೋಗಲಿ ಅಂತ ಬಿಟ್ಟೆವು.

ಫೋಟೋ ತೆಗೆಯುವವರಿಗೂ ಹೇಳಿ. ಅವರು ಅಭ್ಯಾಸ ಬಲದಿಂದ "ಹುಡುಗಿಯ ಅಪ್ಪ-ಅಮ್ಮ ಬನ್ನಿ" ಅಂತ ಮೈಕಿನಲ್ಲಿ ಕೂಗುತ್ತಾರೆ.

ಮುಲುಂಡಿನ ಅಣ್ಣನವರಿಗೆ: "ಹೆಚ್ಚುಕಡಿಮೆ ಆದರೆ ಬೊಟ್ಟು ಮಾಡುತ್ತಾರೆ" ಅಂದಿರಿ. ಅಣ್ಣಾ, ಹೂ ಮುಡಿಯದೆ ಅಡುಗೆಮನೆಯಲ್ಲಿ ಕೂತವರ ಕಡೆಗೂ ಬೊಟ್ಟು ಮಾಡಿದ್ದನ್ನು ನಾನು ಕಂಡಿದ್ದೇನೆ. ಬೊಟ್ಟು ಮಾಡುವವರಿಗೆ ಸೀರೆಯ ಬಣ್ಣ ಬೇಕಾಗಿಲ್ಲ.


ಡೊಂಬಿವಲಿಯಿಂದ:

ಮುಲುಂಡಿನ ಅಣ್ಣಾ, ನೀವು ಕಾಳಜಿಯಿಂದ ಬರೆದಿದ್ದೀರಿ ಅಂತ ಗೊತ್ತು. ಮೈದುನ ಒಳ್ಳೆಯವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವಳ ಕಾಲೇಜು ಫೀಸು ಕಟ್ಟಲು ಕಿವಿಯೋಲೆ ಅಡವಿಟ್ಟದ್ದು ನಾನು. ರಾತ್ರಿ ಅವಳ ಟ್ರೇನು ತಡವಾದರೆ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತದ್ದು ನಾನು. ಆ ಒಂದು ಗಳಿಗೆಯಲ್ಲಿ ನಾನು ಊಟದ ಹಾಲಿನಲ್ಲಿ ಬಾಳೆಎಲೆ ಎಣಿಸುತ್ತಾ ಇರುವುದು ಯಾವ ನ್ಯಾಯ? ಒಂದು ದಿನದ ಮಾತು ಅನ್ನುತ್ತೀರಿ. ಆ ದಿನ ನನ್ನ ಬಾಳಿನಲ್ಲಿ ಒಂದೇ ಸಲ ಬರುವುದು, ನನಗೆ ಇರುವುದು ಒಬ್ಬಳೇ ಮಗಳು.


ಠಾಣೆ ವಕೀಲೆ:

ಕಾನೂನಿನ ಕಡೆಯಿಂದ ಸ್ವಲ್ಪ. ಯಾರಾದರೂ "ಧಾರೆ ಸರಿಯಾಗಿ ಆಗದಿದ್ದರೆ ಮದುವೆಯೇ ಊರ್ಜಿತ ಅಲ್ಲ" ಅಂತ ಹೆದರಿಸಿದರೆ ನಂಬಬೇಡಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಹೇಳುವುದು ಎರಡು ಕಡೆಯಲ್ಲಿ ಯಾರದಾದರೊಬ್ಬರ ಸಂಪ್ರದಾಯದಂತೆ ಮದುವೆ ಆಗಬಹುದು, ಸಪ್ತಪದಿ ಇದ್ದರೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿಯಾಗುತ್ತದೆ ಅಂತ. ಕನ್ಯಾದಾನದ ಮಾತು ಅಲ್ಲಿಲ್ಲ. 2024ರಲ್ಲಿ ಅಲಹಾಬಾದ್ ಹೈಕೋರ್ಟ್ ಕೂಡ ಕನ್ಯಾದಾನ ಕಡ್ಡಾಯವಲ್ಲ ಅಂತ ಹೇಳಿದೆ. ಇದನ್ನು ನೆಂಟರ ಮುಂದೆ ಓದಿ ಹೇಳಿ ಅಂತಲ್ಲ. ನಿಮ್ಮ ಮನಸ್ಸಿನ ಧೈರ್ಯಕ್ಕೆ ಇರಲಿ.


ಕೃಷ್ಣಾ ದಂಡೆಯವಳು, ಈಗ ಪುಣೆ:

ನಾನು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನವಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಗಡಿ ದಾಟಿದರೆ ಬೆಳಗಾವಿ ಜಿಲ್ಲೆ. ಡೊಂಬಿವಲಿಯ ಅಕ್ಕನಿಗೆ ನಮ್ಮ ತಾಲೂಕಿನ ಹೇರವಾಡದ ವಿಷಯ ಹೇಳಲೇಬೇಕು.

2022ರ ಮೇ 4ರಂದು ಹೇರವಾಡ ಗ್ರಾಮ ಪಂಚಾಯಿತಿ ಒಂದು ಠರಾವು ಮಾಡಿತು. ಗಂಡ ತೀರಿಕೊಂಡಾಗ ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ಕಾಲುಂಗುರ ತೆಗೆಸುವುದು, ಇವು ಯಾವುವೂ ಇನ್ನು ಮುಂದೆ ನಮ್ಮ ಊರಿನಲ್ಲಿ ಬೇಡ ಅಂತ. ಅದು ಸಮಾಜ ಸುಧಾರಕರಾಗಿದ್ದ ಕೊಲ್ಹಾಪುರದ ರಾಜ ಶಾಹೂ ಮಹಾರಾಜರು ತೀರಿಕೊಂಡು ನೂರು ವರ್ಷ ತುಂಬಿದ ಹೊತ್ತು. ಕೊರೋನಾದಲ್ಲಿ ಎಷ್ಟೋ ಎಳೆಯ ಹೆಣ್ಣುಮಕ್ಕಳು ಗಂಡನನ್ನು ಕಳೆದುಕೊಂಡಿದ್ದರು. ಮೂವತ್ತೂ ತುಂಬದವರ ಹಣೆ ಒರೆಸುವುದನ್ನು ಕಂಡು ಊರವರ ಕರುಳು ಕಿತ್ತು ಬಂದಿತ್ತು. ಇದರ ಹಿಂದೆ ಸೋಲಾಪುರ ಜಿಲ್ಲೆ ಕರ್ಮಾಳದ ಒಬ್ಬ ಸಮಾಜಸೇವಕರ ಓಡಾಟವೂ ಇತ್ತು. ನಾನು ಸತ್ತ ಮೇಲೆ ನನ್ನ ಹೆಂಡತಿಗೆ ಇದನ್ನೆಲ್ಲ ಮಾಡಬಾರದು ಅಂತ ಅವರು ಸ್ಟಾಂಪ್ ಪೇಪರಿನಲ್ಲೇ ಬರೆದುಕೊಟ್ಟಿದ್ದರು. ಅದೇ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ ಸುತ್ತೋಲೆ ಹೊರಡಿಸಿ, ಉಳಿದ ಗ್ರಾಮ ಪಂಚಾಯಿತಿಗಳೂ ಹೇರವಾಡದ ದಾರಿ ಹಿಡಿಯಲಿ ಅಂತ ಹೇಳಿತು.

ಕಾಗದ ಬಂದ ಕೂಡಲೇ ಎಲ್ಲ ಬದಲಾಯಿತು ಅಂತ ಹೇಳುವುದಿಲ್ಲ. ನಮ್ಮ ಅತ್ತೆ ಪಕ್ಕದ ಊರಿನವರು. ಸುದ್ದಿ ಕೇಳಿ ಮಗ ಹಸಿರು ಬಳೆ ತಂದ. ಅವರು ಒಂದು ವಾರ ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದರು. ಮನೆಯೊಳಗೆ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದರು, ಬಾಗಿಲು ಬಡಿದರೆ ತೆಗೆದಿಡುತ್ತಿದ್ದರು. ಆಮೇಲೆ ಒಂದು ದಿನ ಪಕ್ಕದ ಮನೆಯ ಮುತ್ತೈದೆಯೇ ಬಂದು "ಬಳೆ ಸದ್ದು ಗೋಡೆಯಾಚೆಗೆ ಕೇಳುತ್ತದೆ, ಹಾಕಿಕೊಂಡೇ ಬಾರೇ ಸಂತೆಗೆ" ಅಂದಳು. ಸರ್ಕಾರದ ಕಾಗದಕ್ಕಿಂತ ಆ ಮಾತು ಕೆಲಸ ಮಾಡಿತು. ಆದರೆ ಕಾಗದ ಇಲ್ಲದಿದ್ದರೆ ಆ ಮಾತು ಅವಳ ಬಾಯಿಗೆ ಬರುತ್ತಿತ್ತಾ ಅನ್ನುವುದೂ ಇದೆ.

ಪುರೋಹಿತರ ವಿಷಯ: ಪುಣೆಯ ಸದಾಶಿವ ಪೇಟೆಯ ಜ್ಞಾನಪ್ರಬೋಧಿನಿ ಅನ್ನುವ ಸಂಸ್ಥೆಯಲ್ಲಿ ಹೆಂಗಸರಿಗೂ ಪೌರೋಹಿತ್ಯ ಕಲಿಸುತ್ತಾರೆ. ನನ್ನ ಚಿಕ್ಕಪ್ಪನ ಮಗಳ ಮದುವೆ ಮಾಡಿಸಿದ್ದು ಅಲ್ಲಿ ಕಲಿತ ಇಬ್ಬರು ಹೆಂಗಸರು. ಪ್ರತಿ ಮಂತ್ರದ ಅರ್ಥ ಮರಾಠಿಯಲ್ಲಿ ಹೇಳುತ್ತಾ ಹೋದರು. ನಮ್ಮ ಚಿಕ್ಕಮ್ಮನೂ ಒಬ್ಬರೇ. ಮಗಳ ಪಕ್ಕ ಕೂತು ಎಲ್ಲ ಮಾಡಿದರು. ನಿಮ್ಮ ಬೀಗರು ಪುಣೆಯವರೇ ಆದ್ದರಿಂದ ಇದು ಅವರಿಗೆ ಹೊಸದಾಗಿರಲಿಕ್ಕಿಲ್ಲ. ಅಂದ ಹಾಗೆ, "ಬೀಗರು ಏನಂದುಕೊಂಡಾರು" ಅಂತ ಎಲ್ಲರೂ ಹೇಳುತ್ತಿದ್ದಾರೆ, ಬೀಗರನ್ನು ಯಾರಾದರೂ ಕೇಳಿದ್ದೀರಾ?


ಮಾಟುಂಗದ ಅಜ್ಜಿ:

ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ನನಗೆ ಎಪ್ಪತ್ತೈದು ದಾಟಿತು.

ನನ್ನ ಅಜ್ಜಿ ಮಡಿ ಹೆಂಗಸು. ಹದಿನಾರಕ್ಕೋ ಹದಿನೇಳಕ್ಕೋ ಗಂಡ ಹೋದರಂತೆ. ನಾನು ಕಂಡಂತೆ ಯಾವಾಗಲೂ ಒಂದೇ ಕೆಂಪು ಸೀರೆ, ರವಿಕೆ ಇಲ್ಲ, ಬೋಳು ತಲೆಯ ಮೇಲೆ ಸೆರಗು. ಕ್ಷೌರದವರು ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಬಚ್ಚಲಿನ ಪಕ್ಕ ಮಣೆ ಹಾಕುತ್ತಿದ್ದರು. ಮಕ್ಕಳು ನೋಡಬಾರದು ಅಂತ ನಮ್ಮನ್ನು ಜಗುಲಿಗೆ ಅಟ್ಟುತ್ತಿದ್ದರು. ಒಮ್ಮೆ ನಾನು ಅವಳ ತಲೆ ಮುಟ್ಟಿ ನೋಡಿದ್ದೆ. ಹೊಸದಾಗಿ ಚಿಗುರಿದ ಕೂದಲು ಅಂಗೈಗೆ ಚುಚ್ಚಿತ್ತು. ಅವಳು ನನ್ನ ಕೈ ಹಿಡಿದು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಬಯ್ಯಲಿಲ್ಲ.

ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ನನಗೆ ಓದುವ ಹುಚ್ಚು ಹತ್ತಿತು. ಆಗ ತಿಳಿಯಿತು, ಇದೇ ಮುಂಬಯಿಯಲ್ಲಿ 1890ರಲ್ಲಿ ಕ್ಷೌರಿಕರು ಸಭೆ ಸೇರಿ ಇನ್ನು ವಿಧವೆಯರ ತಲೆ ಬೋಳಿಸುವುದಿಲ್ಲ ಅಂತ ನಿಶ್ಚಯ ಮಾಡಿದ್ದರು. ಗಿರಣಿ ಕಾರ್ಮಿಕರ ನಾಯಕ ನಾರಾಯಣ ಮೇಘಾಜಿ ಲೋಖಂಡೆ ಅವರ ಬೆನ್ನಿಗಿದ್ದರು. ಕತ್ತಿ ಹಿಡಿದ ಕೈಯೇ ಬೇಡ ಅಂದಿತು ನೋಡಿ. ಅದಾಗಿ ಎಷ್ಟೋ ವರ್ಷಗಳ ಮೇಲೂ ನಮ್ಮ ಊರಿನ ಹಿತ್ತಲಿಗೆ ಆ ಮಾತು ತಲುಪಿರಲಿಲ್ಲ. ಅದರ ಹಿಂದಿನ ವರ್ಷ, 1889ರಲ್ಲಿ, ಪಂಡಿತಾ ರಮಾಬಾಯಿ ಇಲ್ಲೇ ವಿಧವೆಯರಿಗಾಗಿ ಶಾರದಾ ಸದನ ಅನ್ನುವ ಶಾಲೆ ತೆರೆದರು. ಆಕೆ ಹುಟ್ಟಿದ್ದು ನಮ್ಮ ಕಾರ್ಕಳದ ಮೇಲಿನ ಘಟ್ಟದ ಗಂಗಾಮೂಲದಲ್ಲಿ. ತಾನೂ ಗಂಡ ಕಳೆದುಕೊಂಡವಳು. ಅಲ್ಲಿ ಓದಿದ ಗೋದೂಬಾಯಿ ಅನ್ನುವ ವಿಧವೆಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆ ಮದುವೆಯಾದರು. ಅವರೇ ಆಮೇಲೆ ಪುಣೆಯಲ್ಲಿ ವಿಧವೆಯರಿಗೆ ಆಶ್ರಮ ಕಟ್ಟಿದರು, 1916ರಲ್ಲಿ ಹೆಂಗಸರ ವಿಶ್ವವಿದ್ಯಾಲಯ ಶುರು ಮಾಡಿದರು. ನನ್ನ ಮೊಮ್ಮಗಳು ಈಗ ಅಲ್ಲೇ ಓದುತ್ತಿದ್ದಾಳೆ.

ಈಗ ನನ್ನ ಮಾತು. ನಮ್ಮ ಯಜಮಾನರು ಹೋದ ಮೇಲೆ ನಾನು ಕುಂಕುಮ ಬಿಟ್ಟೆ. ಯಾರೂ ಹೇಳಿದ್ದಲ್ಲ, ನನಗೇ ಬೇಡವಾಯಿತು. ಬಿಳಿ ಕಾಟನ್ ಸೀರೆ ಉಡುತ್ತೇನೆ, ಅದರಲ್ಲೇ ನನಗೆ ನೆಮ್ಮದಿ. ಆದರೆ ನನ್ನ ಇಬ್ಬರು ಸೊಸೆಯಂದಿರೂ ಬಿಡುವುದಿಲ್ಲ. "ಅತ್ತೆ, ಕಾಲ ಬದಲಾಗಿದೆ, ಬಣ್ಣದ್ದು ಉಡಿ" ಅಂತ ಪ್ರತಿ ಹಬ್ಬಕ್ಕೂ ತರುತ್ತಾರೆ. ಹೋದ ಗಣೇಶ ಚೌತಿಯಲ್ಲಿ ನಾನು ಸುಮ್ನೆ ಕೂತಿದ್ದಾಗ ಯಾರೋ ಹುಡುಗಿ ಬಂದು ಹಣೆಗೆ ಬಿಂದಿ ಅಂಟಿಸಿ ಫೋಟೋ ತೆಗೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು. ಅವರಿಗೆ ಅದು ಸಂತೋಷದ ಅಳು ಅನ್ನಿಸಿತು.

ಡೊಂಬಿವಲಿಯ ಮಗಳೇ, ನೀನು ಮಾವಿನಹಣ್ಣಿನ ಬಣ್ಣದ ಸೀರೆ ಉಡು, ಧಾರೆ ಎರೆ. ನಾನು ಬಿಳಿ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತು ಅಕ್ಷತೆ ಹಾಕುತ್ತೇನೆ. ಕರೆದರೆ ಖಂಡಿತ ಬರುತ್ತೇನೆ, ಹಾಲ್ ನಮ್ಮ ಮನೆಯ ಹತ್ತಿರವೇ ಇರಬೇಕು. ನಮ್ಮಿಬ್ಬರ ಹಣೆಯನ್ನೂ ಯಾರೂ ಸರಿಮಾಡಲು ಬರದಿದ್ದರೆ ಸಾಕು.


ಸಾಂತಾಕ್ರೂಜ್ ಪೂರ್ವ:

ಅಜ್ಜಿ ಬರೆದ ಮೇಲೆ ನಾನು ಜಾಸ್ತಿ ಹೇಳುವುದಿಲ್ಲ. ಮುಲುಂಡಿನ ಅಣ್ಣ ಹೇಳಿದ "ಅಳುಕು" ಇದೆಯಲ್ಲ, ಅದಕ್ಕೆ ನಮ್ಮ ಮಂಗಳೂರಿನ ಒಂದು ಉದಾಹರಣೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದರು. ಕೇಂದ್ರದ ಮಾಜಿ ಮಂತ್ರಿ ಜನಾರ್ದನ ಪೂಜಾರಿಯವರು ಮುಂದೆ ನಿಂತು ಮಾಡಿಸಿದ ಕೆಲಸ. ಅವರ ಕೈಯ ಪ್ರಸಾದವನ್ನು ಜನ ಸಾಲಿನಲ್ಲಿ ನಿಂತು ತೆಗೆದುಕೊಂಡರು. ದೇವರಿಗೆ ಆರತಿ ಎತ್ತಬಹುದಾದ ಕೈ ಸ್ವಂತ ಮಗಳಿಗೆ ಧಾರೆ ಎರೆಯಬಾರದು ಅಂದರೆ ನನಗಂತೂ ಅರ್ಥವಾಗುವುದಿಲ್ಲ. ಊರಿನ ಅತ್ತಿಗೆಗೆ ಈ ಮಾತು ಹೇಳಿ ನೋಡಿ ಅಕ್ಕಾ. ಕಾನೂನಿಗಿಂತ ದೇವಸ್ಥಾನದ ಮಾತು ಅವರಿಗೆ ಬೇಗ ನಾಟೀತು.


ಮುಲುಂಡ್ ವಾಸಿ:

ಅಜ್ಜಿಯ ಮಾತು ಓದಿದೆ. ಧಾರೆಯ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಪೂರ್ತಿ ಒಪ್ಪುತ್ತಿಲ್ಲ. ಆದರೆ ತಾಯಿಯನ್ನು ಊಟದ ಹಾಲಿಗೆ ಕಳಿಸುವುದು ಸರಿಯಲ್ಲ. ಮೈದುನ ಕೂತರೂ ತಾಯಿ ಮಂಟಪದ ಮೇಲೆಯೇ ಇರಬೇಕು, ಮಗಳ ಪಕ್ಕದಲ್ಲೇ. ಅಷ್ಟನ್ನಂತೂ ಯಾರಿಗೂ ಬಿಟ್ಟುಕೊಡಬೇಡಿ ತಂಗೀ.


ಡೊಂಬಿವಲಿಯಿಂದ:

ನಿಮ್ಮೆಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಅಜ್ಜಿ, ನಿಮಗೆ ಆಮಂತ್ರಣ ಪತ್ರಿಕೆ ಕೊಡಲು ನಾನೇ ಬರುತ್ತೇನೆ. ನಿಮ್ಮ ಹಣೆಗೆ ಯಾರೂ ಕೈ ಹಾಕದ ಹಾಗೆ ನಾನೇ ನೋಡಿಕೊಳ್ಳುತ್ತೇನೆ.

ಪುಣೆಯವರು ಕೇಳಿದ ಪ್ರಶ್ನೆ ಮನಸ್ಸಿಗೆ ತಾಗಿತು. ಇವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬೀಗಿತ್ತಿಗೆ ಫೋನ್ ಮಾಡಿದೆ. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ, ನೇರವಾಗಿಯೇ ಕೇಳಿದೆ. ಸೀರೆ, ಹೂವಿನ ಮಾತು ಬಂದಾಗ ಅವರು ಆಶ್ಚರ್ಯಪಟ್ಟರು. "ಅದನ್ನೆಲ್ಲ ನಮ್ಮನ್ನು ಯಾಕ ಕೇಳತೀರಿ, ನಿಮಗ ಬೇಕಾದ್ದು ಉಡ್ರಿ" ಅಂದರು. ಧಾರೆಯ ಮಾತಿಗೆ ಸ್ವಲ್ಪ ತಡೆದರು. ಮನೆಯಲ್ಲಿ ಅವರ ಅತ್ತೆ ಇದ್ದಾರೆ, ವಯಸ್ಸಾದವರು, ಅವರ ಹತ್ತಿರ ಕೂತು ಮಾತಾಡಿ ಭಾನುವಾರ ತಿಳಿಸುತ್ತೇನೆ ಅಂದಿದ್ದಾರೆ. ಇಲ್ಲ ಅನ್ನಲಿಲ್ಲ. ಭಾನುವಾರದವರೆಗೆ ಕಾಯುತ್ತೇನೆ. ಅವರು ಏನೇ ಹೇಳಿದರೂ ನಾನು ಮಂಟಪದ ಮೇಲೆ ಮಗಳ ಪಕ್ಕದಲ್ಲೇ ಇರುತ್ತೇನೆ. ಇದನ್ನು ಮೈದುನನಿಗೂ ಹೇಳಿಯಾಯಿತು. ಅವನು "ಅತ್ತಿಗೆ, ನೀವು ಕೂತರೆ ನನಗೇ ಸಮಾಧಾನ, ಅಕ್ಕನಿಗೆ ನಾನು ಹೇಳುತ್ತೇನೆ" ಅಂದ. ಅವನ ಮನಸ್ಸಿನಲ್ಲಿ ಇದು ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ತಟ್ಟೆಯ ವಿಷಯದಲ್ಲಿ ಘಾಟ್ಕೋಪರ್ ತಂಗಿ ಹೇಳಿದ ಹಾಗೆ ಮಾಡುತ್ತೇನೆ. ನಮ್ಮ ಡಬ್ಬಾದ ಗೆಳತಿಯರು ಐದಾರು ಜನ ಬರುತ್ತಾರೆ, ಕುಂಕುಮ ಮತ್ತು ಹೂವಿನ ಬುಟ್ಟಿ ಅವರ ಕೈಗೇ. ಹೂ ಮಾಟುಂಗ ಮಾರ್ಕೆಟ್ಟಿನಿಂದಲೇ ಬರುತ್ತದೆ. ಬೇಕಾದವರು ಮುಡಿಯಲಿ, ಬೇಡದವರು ಬಿಡಲಿ, ಯಾರನ್ನೂ ಕೇಳಬಾರದು ಅಂತ ಅವರಿಗೆ ಹೇಳಿಡುತ್ತೇನೆ.

ಪುಣೆಯವರೇ, ಆ ಹೆಂಗಸರ ಪೌರೋಹಿತ್ಯದ ಬಗ್ಗೆ ಇನ್ನೂ ಸ್ವಲ್ಪ ಕೇಳುವುದಿದೆ. ಮುಂಬಯಿಗೆ ಬರುತ್ತಾರಾ, ಕನ್ನಡ ಬಲ್ಲವರು ಯಾರಾದರೂ ಇದ್ದಾರಾ, ನಮ್ಮ ಕಡೆಯ ಧಾರೆಯ ಕ್ರಮ ಅವರಿಗೆ ಹೊಂದುತ್ತದಾ? ಫೋನ್ ನಂಬರು ಇಲ್ಲಿ ಎಲ್ಲರೆದುರು ಹಾಕಬೇಡಿ, ನನಗೆ ಪ್ರತ್ಯೇಕ ಮೆಸೇಜ್ ಮಾಡಿ. ಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಮುಹೂರ್ತದ ಹೊತ್ತನ್ನು ಪುರೋಹಿತರ ಹತ್ತಿರ ಖಚಿತ ಮಾಡಿಕೊಳ್ಳಬೇಕು.